ಬೈನೆಗುಳಿ ಹಾಲ್ಟ್

ಮನೆ ನಲವತ್ತಮೂರು, ಒಂದಕ್ಕೆ ಬೀಗ.
ಬಾವಿ ಮೂರು, ಕುಡಿಯುವ ನೀರಿಗೆ ಒಂದೇ.
ಅರಸಾಳು ಬಿಟ್ಟು ಆನಂದಪುರ ಸಿಗುವ ಮೊದಲು
ಬಲಗಡೆಯ ಕಿಟಕಿಯಲ್ಲಿ ಕೂತಿದ್ದರೆ
ಎರಡು ಬೋಗಿ ಉದ್ದದ ಕೆಮ್ಮಣ್ಣಿನ ದಿಬ್ಬ,
ಅದರ ಮೇಲೊಂದು ಬಿಳಿ ಮೇಕೆ. ಅದೇ ನಾವು.

ನಾನು ಇಲ್ಲಿ ಟಿಕೆಟ್ ಕೊಡುತ್ತಿದ್ದವ.
ನೌಕರಿಯಲ್ಲ, ಕಮಿಷನ್ನು.
ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಅರಸಾಳಿಗೆ ಹೋಗಿ
ರಟ್ಟಿನ ಟಿಕೆಟ್ಟುಗಳ ಕಟ್ಟು ತಂದು
ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು
ಹುಣಸೆಮರದ ಬುಡದಲ್ಲಿ ಕೂರುತ್ತಿದ್ದೆ.
ಕುಂಸಿಗೆ ಎರಡು, ಸಾಗರಕ್ಕೆ ನಾಲ್ಕು,
ತಾಳಗುಪ್ಪಕ್ಕೆ ಯಾರೂ ಕೇಳುತ್ತಿರಲಿಲ್ಲ.
ಹಾಲ್ಟ್ ಎತ್ತಿದ ದಿನ ಲೆಕ್ಕ ಒಪ್ಪಿಸಿದೆ,
ಒಂದು ತಾಳಗುಪ್ಪ ಕಡಿಮೆ ಬಿತ್ತು.
ಕೈಯಿಂದ ಕಟ್ಟಿದೆ.

ಆಗ ಬರುತ್ತಿದ್ದದ್ದು ರೈಲ್‌ಬಸ್ಸು.
ಒಂದೇ ಡಬ್ಬಿ, ಮುಖ ಬಸ್ಸಿನದು, ಕಾಲು ರೈಲಿನದು,
ಕರೆಯದ ಮದುವೆಗೆ ಹೊರಟವರ ಹಾಗೆ
ಸಂಕೋಚದಿಂದ ಬರುತ್ತಿತ್ತು.
ಡ್ರೈವರ್ ಸಾಲ್ಡಾನ
ಕಲ್ಲವ್ವನ ಮೊಟ್ಟೆಬುಟ್ಟಿ ಏರುವವರೆಗೆ
ಹಾರ್ನಿನ ಮೇಲೆ ಕೈಯಿಟ್ಟು, ಒತ್ತದೆ, ಕಾಯುತ್ತಿದ್ದ.
ಒಂದು ದಿನ ಕಲ್ಲವ್ವ ಬರಲಿಲ್ಲ.
ಏಳು ನಿಮಿಷ ಕಾದ.
ಆಮೇಲೆ ಟೋಪಿ ತೆಗೆದ. ಹೇಗೆ ಗೊತ್ತಾಯಿತೋ.

ರೈಲು ಬಿಡುತ್ತಾನೆ ಎಂದರೆ ಬೇರೆ ಊರಲ್ಲಿ ಬೈಗುಳ.
ಇಲ್ಲಿ ಬಿಡದವರು ಯಾರು?
ಆದರೆ ಇದನ್ನು ಬಂದು ನೋಡಿಯೇ ನಂಬಿ:
ಶಾಲೆಯ ಗಂಟೆ ಮೀಟರ್‌ಗೇಜಿನ ಎರಡಡಿ ಹಳಿ,
ಬಡಿಯುವುದು ಬೋಲ್ಟಿನಿಂದ.
ಹಳ್ಳದ ಸಂಕ ಮತ್ತಿಮರದ ಸ್ಲೀಪರು,
ಮೊಳೆಯ ತೂತುಗಳಲ್ಲಿ ಈಗ ಇರುವೆ.
ಪೀರಾಸಾಬರ ಅಂಗಡಿಯಲ್ಲಿ ಬೆಲ್ಲ ತೂಗುವುದು ಫಿಶ್‌ಪ್ಲೇಟು,
ಮೂರು ಕೇಜಿ ಎಂದು ಅವರು, ಎರಡೂಮುಕ್ಕಾಲು ಎಂದು ಊರು.
ಅಂಜಲಮ್ಮನ ಒಲೆಯ ಮೇಲಿನ ಗೂಡಿನಲ್ಲಿ
ಗಂಡ ಬಿಟ್ಟುಹೋದ ಹಸಿರು ಗಾಜಿನ ಕೈದೀಪ.
ಕರೆಂಟು ಹೋದಾಗ ಹಚ್ಚುತ್ತಾಳೆ.
ಮುದ್ದೆ, ಮೊಮ್ಮಗಳು, ಗೋಡೆಯ ಮೇಲಿನ ಹಲ್ಲಿ,
ಎಲ್ಲಕ್ಕೂ ಹೊರಡಲು ಅಪ್ಪಣೆ.

ಗೇಜು ಬದಲಾದ ವರ್ಷ ಗುಜರಿ ಗುತ್ತಿಗೆಯವರು ಬಂದಿದ್ದರು
ಪಟ್ಟಿ ಹಿಡಿದು: ರೈಲ್ವೆ ಸ್ವತ್ತು ಎಲ್ಲಿದೆ?
ಅವತ್ತು ಮೇಷ್ಟ್ರು ಬಾಯಲ್ಲೇ ಢಣ್ ಎಂದರು.
ಮಕ್ಕಳು ನಗದೆ ಸಾಲಾಗಿ ಒಳಗೆ ಹೋದರು.
ಹಳಿ ಭತ್ತದ ಕಣಜದಲ್ಲಿತ್ತು.

ಕೀಮ್ಯಾನ್ ದುಗ್ಗಬೋವಿ ಮಾತ್ರ ಏನನ್ನೂ ಇಟ್ಟುಕೊಳ್ಳಲಿಲ್ಲ.
ಸುತ್ತಿಗೆ, ಪಾನಾ, ಕೆಂಪು ಬಾವುಟ ಎಲ್ಲ ಒಪ್ಪಿಸಿ
ಈಗಲೂ ಬೆಳಿಗ್ಗೆ, ಬರಿಗೈಯಲ್ಲಿ,
ಅದೇ ಮೂರು ಮೈಲಿ ನಡೆಯುತ್ತಾನೆ.
ಹೊಸ ಹಳಿ ಅವನಿಗೆ ಸೇರದು.
“ಬೆಸುಗೆ ಹಾಕಿಬಿಟ್ಟಿದ್ದಾರೆ, ಕೀಲೇ ಇಲ್ಲ.
ಕೀಲಿಲ್ಲದ್ದು ಮಾತಾಡ್ತದೇನೋ ಮಾರಾಯ?”
ಅವನ ಮೊಣಕಾಲು ಮಾತಾಡುತ್ತದೆ, ಹೆಜ್ಜೆಹೆಜ್ಜೆಗೂ.

ಈಗಿನ ಗಾಡಿಗಳು ಉದ್ದ. ಯಾವುದೂ ನಿಲ್ಲದು.
ಮೈಸೂರಿನದು ಹೋಯಿತು, ಅಕ್ಕಿ ಇಡು ಎನ್ನುವುದಕ್ಕೆ ಆಗುತ್ತವೆ.
ಹೋದ ಮಾಘದಲ್ಲಿ ಒಂದು ಶನಿವಾರ ರಾತ್ರಿ
ಎಮ್ಮೆಯೋ, ಸಿಗ್ನಲ್ಲೋ,
ಒಂದು ನಿಂತಿತು,
ಸರಿಯಾಗಿ ಹುಣಸೆಮರದ ಎದುರು.
ಉಂಡ ಕೈಯಲ್ಲೇ ಓಡಿದೆವು.
ಅಂಜಲಮ್ಮ ದೀಪ ಹಿಡಿದು ಬಂದಳು.
ದುಗ್ಗಬೋವಿ ಗದರಿದ:
“ಹಸಿರು ತೋರಿಸಬೇಡವೇ, ಹೊರಟುಬಿಡ್ತದೆ!”
ಅವಳು ಸೆರಗು ಅಡ್ಡ ಹಿಡಿದಳು.

ಕಿಟಕಿ ಎತ್ತಿ ಒಬ್ಬ ಹುಡುಗ
ನಿದ್ದೆಗಣ್ಣಲ್ಲಿ ಕೇಳಿದ, ಇದು ಯಾವ ಊರು?

ನಲವತ್ತೆರಡು ಮನೆ ಒಟ್ಟಿಗೇ ಬಾಯಿ ತೆರೆಯಿತು.
ಅಷ್ಟರಲ್ಲಿ ಗಾಡಿ ಜಗ್ಗಿತು.
ಏನು ಕೇಳಿಸಿತೋ ಅವನಿಗೆ.
ನನ್ನ ಕೈ ಅಂಗಿಜೇಬಿನಲ್ಲಿತ್ತು,
ತಾಳಗುಪ್ಪದ ರಟ್ಟಿನ ಮೇಲೆ.
ಕೆಂಪು ದೀಪ ತಿರುವು ದಾಟುವವರೆಗೆ
ಯಾರೂ ಯಾರ ಮುಖವನ್ನೂ ನೋಡಲಿಲ್ಲ.

“ನಾನು ತೋರಿಸಲಿಲ್ಲ” ಎಂದಳು ಅಂಜಲಮ್ಮ.