ಎರಡೂ ಎಡದ ತೋಳು

ವರ್ಷದ ಕಡೀ ದಿನ. ತೊಂಗಾಕೂಟಿನ ಗದ್ದಲ
ಎಂಟು ಪಾವಟಿಗಿ ಏರಿ ನಮ್ಮ ಅಂಗಡಿ ಮುಟ್ಟೂದ್ರಾಗ
ಏದುಸಿರು ಬಿಡತೈತಿ.
ಕತ್ತರಸೂ ಮೇಜಿನ ಮ್ಯಾಲ ಖಡು ಹಿಡಕೊಂಡು
ಬರಿಯಾಕ ಕುಂತೀನಿ.
ಈ ವರ್ಷ ಕೇಳಿದ ಆಲ್ಬಮ್ಮಿನೊಳಗ
ಯಾವುದು ಮುಂದ, ಯಾವುದು ಹಿಂದ.

ಗುಂಡಿ ಹಚ್ಚಿಕೋಂತ ಫಕೀರೇಶ ನಗತಾನ:
‘ಅಕ್ಕಾರ, ನಿಮಗ ಯಾರು ಕೇಳ್ಯಾರ?’
ಯಾರೂ ಕೇಳಿಲ್ಲ.
ಎದಿ ಎಷ್ಟು, ಸೊಂಟ ಎಷ್ಟು, ತೋಳಿನ ಉದ್ದ ಎಷ್ಟು
ಅಂತ ಅರ್ಧಾ ಗದಗ ಅಳದಾಕಿಗೆ
ವರ್ಷಕ್ಕೊಮ್ಮೆ ತನ್ನ ಕಿವಿ ಅಳೀಬೇಕು ಅನಸತೈತಿ, ಅಷ್ಟಽ.
ಟೇಪು ಅನ್ನೂ ಮಾತಿಗೆ ಈ ಅಂಗಡ್ಯಾಗ
ಎರಡು ಅರ್ಥ ಇದ್ದ ಕಾಲ ಹೋತು.
ಈಗ ಇರೂದು ಕೊಳ್ಳಾಗಿಂದು ಒಂದಽ.

ಐದನೇದು, ಬೆಂಗಳೂರ ಹುಡುಗುರ ಬ್ಯಾಂಡು.
ಏನು ಹಾಡತಾರ, ಒಂದೂ ತಿಳಿಯಂಗಿಲ್ಲ.
ಆದ್ರ ಓವರ್‌ಲಾಕ್ ಹೊಡಿಯೂ ಮುಂದ ಆ ಡ್ರಮ್ಮು ಇದ್ರ
ಹನ್ನೆರಡು ಲಂಗ ಹೆಂಗ ಮುಗದ್ವೋ ಗೊತ್ತಾಗಂಗಿಲ್ಲ.
ದುಡಿಯೂ ಎತ್ತಿಗೆ ಕೊಡೂವಷ್ಟು ಮರ್ಯಾದಿ
ಅದಕ್ಕ ಕೊಟ್ಟೀನಿ.

ನಾಲ್ಕು, ಹಾವೇರಿ ಮೂರು ಹುಡುಗುರು
ಮೊಬೈಲ್ ಅಂಗಡಿ ಹಿಂದಿನ ಖೋಲ್ಯಾಗ ಮಾಡಿದ ರ‍್ಯಾಪು,
‘ಖಾರಪುಡಿ ಕಂಪನಿ’.
ಮೂರನೇ ಹಾಡಿನ ನಡುವ ಒಬ್ಬಾಂವ ಸೀನತಾನ.
ತಗದಿಲ್ಲ, ಹಂಗಽ ಬಿಟ್ಟಾರ.
ಬಿಚ್ಚಿ ಹೊಲದ ಗೆರಿ ಮುಚ್ಚದಽ ತೋರಸೂ ಧೈರ್ಯ
ನನಗಿನ್ನೂ ಬಂದಿಲ್ಲ.

ಮೂರು, ಧಾರವಾಡದ ಹುಡುಗಿ, ಮೊದಲನೇ ರೆಕಾರ್ಡು.
ಐವತ್ತೆರಡು ನಿಮಿಷ ಒಂದಽ ರಾಗ, ಮಾರವಾ.
ಹೊತ್ತು ಮುಳಗೂ ಮುಂದ ಕೇಳಬೇಕಂತ.
ಗಿರಾಕಿ ಬರೂದು ಆ ಹೊತ್ತಿಗೇ, ಕರೆಂಟು ಹೋಗೂದೂ.
ಆಕಿ ಷಡ್ಜದ ಸುತ್ತ ಸುತ್ತತಾಳ, ಮುಟ್ಟಂಗಿಲ್ಲ,
ಕತ್ತಲಾಗ ನಾನು ಸೂಜಿ ಕಣ್ಣು ಹುಡುಕಿದಂಗ.
ಪೂರಾ ಕೇಳಿದ್ದು ಎರಡಽ ಸಲ. ತಪ್ಪು ನಂದು.
ಮೂರರಾಗ ನಿಲ್ಲಿಸೀನಿ. ಪಾಪ ಅನಸತೈತಿ.

ಎರಡರ ಬಗ್ಗೆ ಜಗಳ ಐತಿ.
ಅಲ್ಲಿ ಸಿನಿಮಾದ್ದು ಇರಬೇಕಂತ ಫಕೀರೇಶನ ಹಟ:
‘ಆ ಒಂದು ಹಾಡು ಕೇಳ್ರಿ, ಜೀವಾ ಹೋಗತೈತಿ.’
ಒಂದಕ್ಕಽ ಜೀವಾ ಹೋದ್ರ
ಉಳದ ಏಳು ಯಾರು ಕೇಳಬೇಕೋ ಮಾರಾಯಾ?
ಬರೇ ಕಾಲರ್ ಛಂದ ಹೊಲದು
ಅಂಗಿ ಅಂತ ಕೊಡಾಕ ಬರಂಗಿಲ್ಲ.
ಎರಡು ಖಾಲಿ ಬಿಟ್ಟೀನಿ. ಖಾಲಿನೂ ಒಂದು ನಂಬರಽ.

ಇನ್ನ, ಒಂದು.
ಬೆಟಗೇರಿ ಬ್ಯಾಂಡ್ ಸೆಟ್ಟಿನ ಬುಡನಸಾಬ ಕಾಕಾ.
ನಲವತ್ತು ವರ್ಷ ಮದವಿ ಮೆರವಣಗಿ ಮುಂದ
ನಡಕೋಂತ, ನಡಕೋಂತ ಕ್ಲಾರಿನೆಟ್ ಊದಿದಾಂವ.
ಮೊಮ್ಮಗಳು ಕುರ್ಚಿ ಹಾಕಿ ಕುಂದ್ರಿಸಿ
ಫೋನಿನಾಗ ಹಿಡದು ಆಲ್ಬಂ ಮಾಡ್ಯಾಳ,
‘ಮೆರವಣಗಿ ಇಲ್ಲದ ದಿನ’.
ಮಾತಿಲ್ಲ, ಡೋಲಿಲ್ಲ.
ಕುಂತು ಊದಾಕ ಬರಂಗಿಲ್ಲ ಅಂವಗ. ಕೇಳಿದ್ರ ಗೊತ್ತಾಕೈತಿ,
ಕಾಲು ನೆಲಾ ತಟ್ಟತಾವು, ಇದ್ದಲ್ಲೇ ನಡಿತಾವು.
ದನಿ ಮುಗದ ಮ್ಯಾಲೂ ಉಸರು ಒಂದು ಗೇಣು ಮುಂದ ಹೋಗಿ
ಯಾರೂ ಬೆನ್ನ ಹಿಂದ ಬರವಲ್ರು ಅಂತ
ತಿರುಗಿ ನೋಡತೈತಿ.

ಅದನ್ನ ಕೇಳಿಕೋಂತ ನಾನು
ಅರಬಿ ಮಡಿಚೂದು ಮರತು ಕತ್ತರಿ ಹಾಕಿ
ಸರ್ವಮಂಗಳಾ ಟೀಚರ ರೇಷ್ಮಿ ಝಂಪರಿಗೆ
ಎರಡೂ ಎಡದ ತೋಳು ತಗದೆ.
ಹದಿನೇಳು ವರ್ಷದ ಕೈ.
ಹೊಸಾ ಅರಬಿ ನನ್ನ ರೊಕ್ಕದಾಗ ಬಂತು.
‘ಏನು ಕೇಳತಿದ್ದಿ ಅಂಥಾದ್ದು?’ ಅಂದ್ರು ಟೀಚರು. ಹಚ್ಚಿ ತೋರಿಸಿದೆ.
ಒಂದು ನಿಮಿಷ ನಿಂತು
‘ಇದು ಮದವಿ ಮನಿ ಸಪ್ಪಳಲ್ಲೇನು’ ಅಂದು
ಮಜೂರಿಯೊಳಗ ಐವತ್ತು ಹಿಡಕೊಂಡು ಹ್ವಾದ್ರು.

ಪಟ್ಟಿ ಹೆಂಗ ಮಾಡೂದಂತ ಆವತ್ತು ತಿಳೀತು.
ಕೆಲಸ ಮುಗಿಸಿಕೊಟ್ಟದ್ದು ಐದನೇದು.
ಕೆಲಸ ಕೆಡಿಸಿದ್ದು ಒಂದನೇದು.

ಚಾ ಕುಡದು ಬರೂದ್ರಾಗ ಫಕೀರೇಶ
ಖಾಲಿ ಎರಡರಾಗ ತನ್ನ ಸಿನಿಮಾ ಬರದಾನ.
ಇರಲಿ.
ನಾಳೆ ಇದಽ ಮೇಜಿನ ಮ್ಯಾಲ
ಯಾರದೋ ಕರೀ ಅಸ್ತರ ಹಾಸತೀನಿ.
ಖಡು ಅದಕ್ಕ ಹತ್ತತೈತಿ,
ತಿರುವಾದ ಒಂದು, ತಿರುವಾದ ಮೂರು,
ಅರ್ಧಾ ಅಳಿಸಿದ ಬುಡನಸಾಬ.
ಹೊಲದು, ಇಸ್ತ್ರಿ ಹೊಡದು ಕೊಡತೀನಿ.
ಒಳಮಗ್ಗಲ ಅದು, ಯಾರಿಗೂ ಕಾಣಂಗಿಲ್ಲ.