ಜೋಡಿಯಲ್ಲೇ ಮಾರೋದು

ಯುಗಾದಿಯಿಂದ ಈಚೆ ಬಲಗೈ ಭುಜದ ಮೇಲೆ ಏಳುತ್ತಿಲ್ಲ.
ಮೆಗ್ಗಾನ್ ಆಸ್ಪತ್ರೆಯಲ್ಲಿ ಫಿಲೋಮಿನಾ ಅನ್ನೋ ಹುಡುಗಿ,
ನನ್ನ ಮಗಳ ಪ್ರಾಯ, ಮೊಣಕೈ ಹಿಡಿದು ನಿಧಾನ ತಿರುಗಿಸಿ
ಚೀಟಿ ಬರೆದಳು, ಓದಿಯೂ ಹೇಳಿದಳು:
ಒಂದು ಕೆಜಿ ಡಂಬೆಲ್. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು.
ಒಂದು ಕ್ವಿಂಟಾಲಾ ತಾಯಿ, ಅಂದೆ.
ಅವಳು ನಗಲಿಲ್ಲ. ಒಂದು ಕೆಜಿ ಅಂಕಲ್. ಜಾಸ್ತಿ ಬೇಡ.

ನೆಹರೂ ರಸ್ತೆಯ ಕಿಣಿಯವರ ಸ್ಪೋರ್ಟ್ಸ್ ಅಂಗಡಿ
ನನಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು, ಹಿಂದಿನಿಂದ.
ಸಂದಿ, ಅಲ್ಲಾಡುವ ಚರಂಡಿ ಚಪ್ಪಡಿ,
ತಲೆ ತಗ್ಗಿಸದಿದ್ದರೆ ಹಣೆಗೆ ಹೊಡೆಯುವ ದಾರಂದ.
ಜಲಂಧರದಿಂದ, ಮೀರತ್ತಿನಿಂದ ಲಾರಿ ಬಂದ ದಿನ
ನಾನೂ ದಸ್ತಗೀರನೂ ಪೆಟ್ಟಿಗೆ ಇಳಿಸಿ ಅಟ್ಟಕ್ಕೆ ಏರಿಸುತ್ತಿದ್ದೆವು.
ಅಕ್ಷರ ನನಗೆ ಹತ್ತಲಿಲ್ಲ; ರಟ್ಟಿನ ಮೇಲಿನ ಚಿತ್ರ ಬರುತ್ತಿತ್ತು.
ಬಾಣ ಇದ್ದರೆ ಆ ಕಡೆ ಆಕಾಶ.
ಕೊಡೆ ಇದ್ದರೆ ನೆನೆಸಬಾರದು.
ಲೋಟ ಇದ್ದರೆ ಬೈಗುಳ ಜಾಸ್ತಿ.
ಒಳಗೇನಿದೆ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.
ಮೂಲೆ ಎಲ್ಲಿ ಚುಚ್ಚುತ್ತದೆ, ಹೆಗಲಿಗೆ ಬೇಕಾದ್ದು ಅಷ್ಟೇ.

ಇವತ್ತು ಮುಂದಿನ ಬಾಗಿಲು. ಗಾಜಿನದ್ದು.
ತಳ್ಳಬೇಕೋ ಎಳೆಯಬೇಕೋ ತಿಳಿಯದೆ ನಿಂತೆ.
ಒಳಗಿನಿಂದ ಹುಡುಗ ತೆರೆದ. ತಣ್ಣನೆ ಗಾಳಿ.
ಓಹೋ, ನೀನೇನಾ ಅದು!
ಆಷಾಢದಲ್ಲಿ ದಸ್ತಗೀರನ ಹೆಬ್ಬೆರಳು ಜಜ್ಜಿದ ಉದ್ದನೆ ಪೆಟ್ಟಿಗೆ
ಇಲ್ಲಿ ನಡೆಯೋ ಮಷೀನಾಗಿ ಮಿಂಚುತ್ತ ನಿಂತಿದೆ.
ಬ್ಯಾಂಕಿನವರ ಹಾಗೆ ಕಾಣುವ ಒಬ್ಬರು
ಹೇಗಿದೆ ನೋಡೋಣ ಅಂತ ಹತ್ತಿ ನಡೆಯುತ್ತಿದ್ದಾರೆ,
ನಡೆಯುತ್ತಲೇ ಇದ್ದಾರೆ, ದುರ್ಗಿಗುಡಿ ಬರುವುದಿಲ್ಲ.
ಮಳೆಗಾಲದಲ್ಲಿ ಬಟ್ಟೆ ಹರವೋಕಾಗುತ್ತಾ? ಅವರ ಹೆಂಡತಿ.
ಎಲ್ಲರೂ ಕೊನೆಗೆ ಅದಕ್ಕೇ ಮೇಡಂ, ಅಂದ ಹುಡುಗ
ನಾಲಿಗೆ ಕಚ್ಚಿಕೊಂಡ.

ಗೋಡೆಗೆ ಕಬ್ಬಿಣದ ತಟ್ಟೆಗಳು, ನಡುವೆ ತೂತು.
ಇಪ್ಪತ್ತು, ಹದಿನೈದು, ಹತ್ತು. ಅಂಕಿ ಬರುತ್ತದೆ ನನಗೆ.
ಕೆಜಿಗೆ ನೂರಾ ಮೂವತ್ತಂತೆ.
ಬೆನ್ನ ಮೇಲೆ ಹೋದದ್ದನ್ನೆಲ್ಲ ಆ ದರದಲ್ಲಿ ಗುಣಿಸತೊಡಗಿ
ಲಕ್ಷ ದಾಟಿದ ಮೇಲೆ ಕೈಬಿಟ್ಟೆ.
ಆಗ ಪೆಟ್ಟಿಗೆಗೆ ಆರು ರೂಪಾಯಿ ಹಮಾಲಿ.

ಮೊಮ್ಮಗನಿಗಾ ಅಜ್ಜ?
ನನಗೇ.
ನೀಲಿಯವು ಎರಡು ತಂದ, ಆಟಿಕೆಯ ಹಾಗಿದ್ದವು.
ಒಂದು ಸಾಕು ಮಾರಾಯ, ಬಲಗೈ ಮಾತ್ರ ಕೆಟ್ಟಿರೋದು.
ಜೋಡಿಯಲ್ಲೇ ಮಾರೋದು ಅಜ್ಜ, ಒಂಟಿ ಕೊಡಲ್ಲ.
ಗಲ್ಲದಲ್ಲಿ ಕೂತ ಕಿಣಿಯವರು ಕನ್ನಡಕ ಏರಿಸಿ ನೋಡಿದರು.
ಗುರುತು ಹತ್ತಲಿಲ್ಲ. ನನ್ನ ಮುಖ ಅವರು ಕಂಡದ್ದಾದರೂ ಯಾವಾಗ,
ಪೆಟ್ಟಿಗೆ ಅಡ್ಡ ಇರುತ್ತಿತ್ತಲ್ಲ.
ನೆಲದ ಚೀಲಕ್ಕೆ ನಾನು ಬಗ್ಗಿದೆ ನೋಡಿ,
ಆ ಬಗ್ಗಿದ್ದಕ್ಕೆ, ಹಾಲೇಶಪ್ಪ ಅಲ್ಲವಾ, ಅಂದರು.
ಮೂವತ್ತು ರೂಪಾಯಿ ಬಿಟ್ಟರು.

ಬೇಡವೆಂದರೂ ಹುಡುಗ ಚೀಲ ಕಸಿದು ಆಟೋವರೆಗೆ ತಂದ.
ಎರಡು ಕೆಜಿ. ಜೇಬಿನಿಂದ ಹತ್ತು ತೆಗೆದು ಕೊಟ್ಟೆ.
ಇದೆಂಥದಜ್ಜ?
ಹಮಾಲಿ.
ತೂಕ ನೋಡಿ ಕೂಲಿ ಬಿಡಬೇಡ ಯಾವತ್ತೂ.

ಮನೆಯಲ್ಲಿ ಚೌಡಮ್ಮ ಒಂಟಿಯನ್ನು ತೊಳೆದು ಒರೆಸಿ
ಉಪ್ಪಿಗೆ ಹಾಕಿದ ಮಿಡಿಯ ಜಾಡಿಗೆ, ತಟ್ಟೆಯ ಮೇಲೆ ಹೇರಿದಳು.
ಇಷ್ಟು ದಿನ ತುಂಗೆಯ ಕಲ್ಲಿತ್ತು ಅಲ್ಲಿ.
ಇನ್ನೊಂದು ನನ್ನ ಕೈಯಲ್ಲಿ. ಗೋಡೆಗೆ ಬೆನ್ನು ಕೊಟ್ಟು
ಎತ್ತುತ್ತೇನೆ. ಭುಜದೊಳಗೆ ಬಿಜಾಗರಿ ಕಿರುಗುಡುತ್ತದೆ.
ಒಂದು ಅಂತ ಶುರು ಮಾಡಿ, ಅಂದಿದ್ದಳು ಫಿಲೋಮಿನಾ.
ನಮ್ಮ ಮಂಡಿಯಲ್ಲಿ ಒಂದು ಅನ್ನೋ ಪದ್ಧತಿ ಇಲ್ಲ.
ಲಾಭ.
ಎರಡು.
ಮೂರು.
ನಾಲ್ಕಕ್ಕೆ, ಇದ್ದಿದ್ದರೆ, ದಸ್ತಗೀರ ಕೈ ಕೊಡುತ್ತಿದ್ದ.