ಶಿಫ್ಟ್ ಒತ್ತಿ ಹಿಡಿ

ರಾತ್ರಿ ಹೊರಡುವಾಗ "ಹೊಸ ಆವೃತ್ತಿ ಸಿದ್ಧವಿದೆ" ಎಂದಿತ್ತು.
ಆಗಲಿ ಎಂದು ಒತ್ತಿ, ಶಟರ್ ಎಳೆದು ಬಂದೆ.
ಒತ್ತಿದವಳು ನಾನೇ.
ಉಸ್ಮಾನ್ ಸಾಹುಕಾರರಿಗೆ ಇದನ್ನಿನ್ನೂ ಹೇಳಿಲ್ಲ.

ಬೆಳಿಗ್ಗೆ ಎಂಟೂವರೆ, ಸಿದ್ದಾಪುರ, ಜನವರಿಯ ಕೊನೆ.
ಪರದೆ ಕಪ್ಪು. ಎಡ ಮೂಲೆಯಲ್ಲೊಂದು ಬಿಳಿ ಗೆರೆ
ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ,
ಏನೋ ಹೇಳಲು ಬಾಯಿ ತೆರೆದು
ಮರೆತು ನಿಂತವರ ಹಾಗೆ.
ಒಳಗೆ ಫ್ಯಾನು ಮಾತ್ರ ನಿಷ್ಠೆಯಿಂದ ತಿರುಗುತ್ತಿದೆ.

ಹೊರಗೆ ಪಿಕಪ್ಪಿನಿಂದ ಚೀಲ ಇಳಿಯುತ್ತಿವೆ.
ಒಣಗಿದ ಚೆರ್ರಿಯ ಹುಳಿ ವಾಸನೆ ಅಂಗಡಿ ತುಂಬ.
ಬಿದ್ದಪ್ಪನವರು ತಕ್ಕಡಿಗೆ ಒರಗಿ ಕೇಳುತ್ತಾರೆ:
"ನಿನ್ನೆ ನನ್ನ ಔಟ್‌ಟರ್ನ್ ಎಷ್ಟು ಬಂದಿತ್ತಮ್ಮ?
ಇಪ್ಪತ್ತೇಳೂವರೆ ಅಲ್ಲವಾ?"
"ನನಗೆ ನೆನಪಿರೋದು ಇಪ್ಪತ್ತಾರು," ಸಾಹುಕಾರರು,
ಪೇಪರಿನಿಂದ ತಲೆ ಎತ್ತದೆ.
ಒಂದೂವರೆ ಪಾಯಿಂಟು, ತೊಂಬತ್ತು ಚೀಲ.
ಇಬ್ಬರೂ ನನ್ನನ್ನು ನೋಡುತ್ತಾರೆ.
ನಾನು ಆ ಗೆರೆಯನ್ನು ನೋಡುತ್ತೇನೆ.

ಪೆನ್‌ಡ್ರೈವ್ ಕಿತ್ತೆ. ಪ್ರಿಂಟರಿನ ವಯರು ಕಿತ್ತೆ.
ಆರಿಸಿ, ನೂರು ಎಣಿಸಿ, ಮತ್ತೆ ಹಾಕಿದೆ.
ಗೆರೆ.
ಸಜಿಗೆ ಫೋನು. ದುಡ್ಡು ಕೊಡಬೇಕಿಲ್ಲ ಚೇಚಿ ಎಂದು
ಈ ಲಿನಕ್ಸನ್ನು ಹಾಕಿಕೊಟ್ಟವನು ಅವನೇ.
"ಬರ್ತಿದ್ದೆ," ಪಿಸುಗುಡುತ್ತಾನೆ, "ಮಾಲ್ದಾರೆ ರಸ್ತೇಲಿ ನಿಂತಿದೀನಿ.
ಮುಂದೆ ಆನೆ. ಮೂರು, ಒಂದು ಮರಿ.
ಹಿಂದೆ ಬಸ್ಸು. ಎಲ್ಲರೂ ಇಂಜಿನ್ ಆಫ್ ಮಾಡಿದೀವಿ.
ಜೋರಾಗಿ ಮಾತಾಡಬೇಡಿ."

ಅವನ ಆನೆಗೆ ಕೇಳಿಸಬಾರದೆಂದು
ಇಲ್ಲಿ ನಾನೂ ಪಿಸುಗುಡುತ್ತೇನೆ.
"ಹಾರ್ಡ್ ಡಿಸ್ಕ್ ಕಾಣ್ತದಾ? ಎಫ್ ಟೂ ಒತ್ತಿ ನೋಡಿ."
ಕಾಣುತ್ತದೆ, ಹೆಸರು ನಂಬರು ಸಮೇತ.
"ಹಾಗಾದ್ರೆ ಜೀವ ಇದೆ. ಈಗ ಆಫ್ ಮಾಡಿ ಆನ್ ಮಾಡಿ,
ಆನ್ ಆಗ್ತಿದ್ದ ಹಾಗೇ ಶಿಫ್ಟ್ ಒತ್ತಿ ಹಿಡೀರಿ. ಬಿಡಬೇಡಿ."
ಆಮೇಲೆ ದನಿಯಿಲ್ಲ, ಉಸಿರು ಮಾತ್ರ,
ಎಲ್ಲೋ ಬಿದಿರು ಮುರಿದ ಸದ್ದು.
ನಾನು ಒತ್ತಿ ಹಿಡಿದೇ ಇದ್ದೆ.

ಬಂತು ಒಂದು ಪಟ್ಟಿ.
ಮೇಲೆ ನಿನ್ನೆಯ ಹೊಸದು,
ಅದರಡಿ ಮೊನ್ನೆಯದು, ದೀಪಾವಳಿಯದು, ಓಣಂನದು,
ನಂಬರು ಮಾತ್ರ ಬೇರೆ ಬೇರೆ.
ಯಾರೂ ಕರೆಯದೆ, ಯಾರೂ ಕಳಿಸದೆ ಕೂತಿದ್ದವು.
"ಎರಡನೆಯದರ ಮೇಲೆ ಎಂಟರ್,"
ಸಜಿಯೋ, ಅವನ ಉಸಿರೋ.

ಅಕ್ಷರಗಳು ಸರಸರ ಇಳಿದವು,
ಹಸಿರಲ್ಲಿ ಓಕೆ, ಓಕೆ, ಓಕೆ, ನಡುವೆ ಒಂದು ಕೆಂಪು,
ನನ್ನ ಎದೆ ಅಲ್ಲೇ ಸಿಕ್ಕಿಕೊಂಡಿತು; ಅದು ಮುಂದೆ ಹೋಯಿತು.
ಆಮೇಲೆ ನೀಲಿ ಪರದೆ, ನಮ್ಮ ಅಂಗಡಿಯ ಚಿತ್ರ,
"ಬಿದ್ದಪ್ಪ, ರೋಬಸ್ಟಾ ಚೆರ್ರಿ, ಚೀಲ ತೊಂಬತ್ತು,
ಔಟ್‌ಟರ್ನ್ ಇಪ್ಪತ್ತಾರು ಪಾಯಿಂಟ್ ಎಂಟು."
ನಾನು ಗಟ್ಟಿಯಾಗಿ ಓದಿದೆ.
ಸಾಹುಕಾರರು ಪೇಪರು ತಿರುವಿದರು.
ಬಿದ್ದಪ್ಪನವರು ಎಲೆಯಡಿಕೆ ಚೀಲ ಬಿಚ್ಚಿದರು.
ಇಪ್ಪತ್ತೇಳೂವರೆಯ ಸುದ್ದಿಯನ್ನೂ
ಇಪ್ಪತ್ತಾರರ ಸುದ್ದಿಯನ್ನೂ
ಮತ್ತೆ ಯಾರೂ ಎತ್ತಲಿಲ್ಲ.

ಹತ್ತೂಕಾಲಿಗೆ ಸಜಿ, ಈ ಸಲ ಗಟ್ಟಿ ದನಿ:
"ದಾಟಿದವು ಚೇಚಿ! ಮರಿ ಮಾತ್ರ ತಿರುಗಿ ಬಂದು
ಬಸ್ಸಿನ ಟಯರು ಮೂಸಿ ಹೋಯ್ತು."
ಆಮೇಲೆ ಕಾರಣ ಹೇಳಿದ:
ಬೂಟ್ ಎಂಬುದೊಂದು ಸಣ್ಣ ಕೋಣೆ,
ಹಳೆಯವನ್ನು ಯಾರೂ ತೆಗೆಯದೆ ತುಂಬಿಹೋಗಿ
ಹೊಸದು ಅರ್ಧ ಹೊಕ್ಕು ಬಾಗಿಲಲ್ಲೇ ಸಿಕ್ಕಿಕೊಂಡಿದೆ.
ನಮ್ಮ ಗೋದಾಮು ಕಣ್ಣ ಮುಂದೆ ಬಂತು,
ಹರಿದ ಗೋಣಿಗಳ ರಾಶಿ,
ಪ್ರತಿ ವರ್ಷ ನಾಳೆ ಎನ್ನುವ ಸಾಹುಕಾರರು.
ಓಣಂನದು ಅಳಿಸಿದೆ, ದೀಪಾವಳಿಯದು ಅಳಿಸಿದೆ.
ಎಬ್ಬಿಸಿದ ಆ ಒಂದನ್ನು
ಸಜಿ ಹೇಳುವ ಮೊದಲೇ ಬಿಟ್ಟೆ.
ಹೊಸದನ್ನು ಮತ್ತೊಮ್ಮೆ ಹಾಕಿದೆ,
ಈ ಸಲ ಹಗಲಲ್ಲಿ, ಎದುರೇ ಕೂತು.

ಈಗ ಎಲ್ಲ ಸರಿ ಇದೆ. ಹದಿನೈದು ದಿನವಾಯಿತು.
ಆದರೂ ಬೆಳಿಗ್ಗೆ ಸ್ವಿಚ್ ಹಾಕಿದೊಡನೆ
ಎಡಗೈಯ ಕಿರುಬೆರಳು
ನನ್ನನ್ನು ಕೇಳದೆ ಆ ಕೀಲಿಯ ಮೇಲೆ ಹೋಗಿ ಕೂರುತ್ತದೆ,
ಒತ್ತುವುದಿಲ್ಲ,
ನೀಲಿ ಬರುವ ತನಕ
ಮಾಲ್ದಾರೆ ರಸ್ತೆಯಲ್ಲಿ ನಿಂತಂತೆ ನಿಂತಿರುತ್ತದೆ.